ಸಿಯೆನಾದ ‘ಕೊಂತ್ರಾದ’ಕ್ಕೆ ಕನ್ನಡದಲ್ಲಿ ಏನನ್ನೋಣ?

ಇಟಲಿಯ ಸಿಯೆನಾ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಕೈ ಕಟ್ಟಿಹೋಗಿದೆ. ಆ ಊರಿನ 17 ಪಾಲುಗಳಿಗೆ ಅಲ್ಲಿನವರು ‘ಕೊಂತ್ರಾದ’ ಅನ್ನುತ್ತಾರೆ. ‘ವಾರ್ಡು’ ಅಂತ ಬರೆದುಬಿಡಬಹುದು, ಆದರೆ ವಾರ್ಡು ಅಂದರೆ ನಮಗೆ ನೆನಪಾಗುವುದು ನಲ್ಲಿ ನೀರು, ಚುನಾವಣೆ. ಇದು ಅದಲ್ಲ.

ಸಿಯೆನಾ ಇರುವುದು ಟಸ್ಕನಿಯ ಗುಡ್ಡದ ಮೇಲೆ. ಮೂರು ದಿಣ್ಣೆಗಳು ಕೂಡುವ ಕಡೆ ಕಾಂಪೋ ಎಂಬ ಬಯಲು, ಚಿಪ್ಪಿನ ಹಾಗೆ ತಗ್ಗಾಗಿ ಇಳಿಯುತ್ತದೆ. ಅದರ ಇಟ್ಟಿಗೆ ಹಾಸಿನಲ್ಲಿ ಒಂಬತ್ತು ಪಾಲು. 1287ರಿಂದ 1355ರವರೆಗೆ ಊರಾಳಿದ ‘ಒಂಬತ್ತು ಮಂದಿ’ಯ ಗುರುತು ಅದು. ಅವರ ಕಾಲದಲ್ಲಿ ದೊಡ್ಡ ಚರ್ಚನ್ನು ಇನ್ನೂ ದೊಡ್ಡದು ಮಾಡಲು ಹೊರಟರು. 1348ರ ಪ್ಲೇಗ್ ಬಂತು, ಕೆಲಸ ಅರ್ಧಕ್ಕೇ ನಿಂತಿತು. ಆ ಅರ್ಧ ಕಟ್ಟಿದ ಗೋಡೆ ಈಗಲೂ ಹಾಗೇ ಇದೆ. 1555ರಲ್ಲಿ ವರ್ಷ ಮೀರಿದ ಮುತ್ತಿಗೆಗೆ ಊರು ಸೋತಿತು, ಕೊನೆಗೆ ಫ್ಲಾರೆನ್ಸನ್ನು ಆಳುತ್ತಿದ್ದ ಮೆದಿಚಿ ಮನೆತನದ ಪಾಲಾಯಿತು. ರಾಜ್ಯ ಹೋಯಿತು, ಕೊಂತ್ರಾದ ಉಳಿಯಿತು. ಊರಿನ ಹಟವೆಲ್ಲ ಅಲ್ಲಿ ಬಂದು ಸೇರಿಕೊಂಡಿತು ಅಂತ ನನಗೆ ಅನ್ನಿಸುತ್ತದೆ. ಇವತ್ತಿನ ಗಡಿಗಳು ಗವರ್ನರ್ ಆಗಿದ್ದ ವಿಯೊಲಾಂತೆ ಎಂಬಾಕೆ 1729ರಲ್ಲಿ ಗೊತ್ತುಮಾಡಿದವು.

ಪ್ರತಿ ಕೊಂತ್ರಾದಕ್ಕೂ ತನ್ನದೇ ಚರ್ಚು, ಬಾವುಟ, ಮ್ಯೂಸಿಯಂ, ಕಾರಂಜಿ. ಮಗುವಿಗೆ ಚರ್ಚಿನ ದೀಕ್ಷೆ ಬೇರೆ, ತಮ್ಮ ಕಾರಂಜಿಯ ಹತ್ತಿರ ನೀರು ಹಾಕಿ ಸೇರಿಸಿಕೊಳ್ಳುವುದು ಬೇರೆ. ಹೆಸರುಗಳೂ ಚೆನ್ನ: ಹೆಬ್ಬಾತು, ಬಸವನಹುಳು, ಆಮೆ, ಮುಳ್ಳುಹಂದಿ. ಬಸವನಹುಳುವಿಗೂ ಆಮೆಗೂ ಹಳೇ ಹಗೆತನ! ಜುಲೈ 2 ಮತ್ತು ಆಗಸ್ಟ್ 16ಕ್ಕೆ ಕಾಂಪೋದಲ್ಲಿ ಪಾಲಿಯೋ ಕುದುರೆ ಓಟ. ಓಟಕ್ಕೆ ಮುಂಚೆ ಕುದುರೆಯನ್ನು ಚರ್ಚಿನೊಳಗೇ ಕರೆತಂದು ಹರಸುತ್ತಾರೆ. ಸವಾರ ಬಿದ್ದರೂ ಕುದುರೆ ಮೊದಲು ಮುಟ್ಟಿದರೆ ಗೆಲುವೇ. ಸವಾರ ಸಾಮಾನ್ಯವಾಗಿ ಹೊರಗಿನಿಂದ ಹಣಕ್ಕೆ ಬಂದವನು. ಗೆಲುವು ಕೊಂತ್ರಾದದ್ದು, ಅಲ್ವಾ?

ಈಗ ಕನ್ನಡಕ್ಕೆ ಬರೋಣ. ‘ಪೇಟೆ’ ಅಂದರೆ ವ್ಯಾಪಾರದ ವಾಸನೆ ಜಾಸ್ತಿ. ‘ಮೊಹಲ್ಲಾ’ ಮೈಸೂರಿನವರಿಗೆ ಒಗ್ಗುತ್ತದೆ, ಉಳಿದವರಿಗೆ ಅಷ್ಟಾಗಿ ಇಲ್ಲ. ‘ಓಣಿ’ ಅಂದರೆ ಹಲವರಿಗೆ ಬರೀ ಬೀದಿ. ಹುಬ್ಬಳ್ಳಿ–ಧಾರವಾಡದವರು ‘ನಮ್ಮ ಓಣಿ’ ಅಂದಾಗ ಮಾತ್ರ ಅದರಲ್ಲಿ ಜನವೂ ಇರುತ್ತಾರೆ. ನನ್ನ ಒಲವು ‘ಕೇರಿ’ಯ ಕಡೆ. ನೆಲ, ಜನ ಎರಡನ್ನೂ ಹೇಳುವ ಹಳೇ ಪದ. ಆದರೆ ಎಷ್ಟೋ ಊರುಗಳಲ್ಲಿ ‘ಕೇರಿಯವರು’ ಎಂಬ ಮಾತಿನ ಹಿಂದೆ ಜಾತಿಯ ನೋವಿದೆ. ಅದನ್ನು ಮರೆತು ಬರೆಯಲು ನನಗೆ ಮನಸ್ಸಿಲ್ಲ. ಕೊಂತ್ರಾದದಲ್ಲಂತೂ ಸಿರಿವಂತನೂ ಕೂಲಿಯವನೂ ಒಂದೇ ಬಾವುಟದ ಕೆಳಗೆ.

ಉತ್ತರ ಕನ್ನಡದ ಕಡೆಯವರು ದಯವಿಟ್ಟು ಹೇಳಿ: ನಿಮ್ಮ ಊರುಗಳಲ್ಲಿ ‘ಕೇರಿ’ಯನ್ನು ಎಲ್ಲರ ವಾಸಕ್ಕೂ ಸಲೀಸಾಗಿ ಬಳಸುತ್ತೀರಾ? ಹಾಗಿದ್ದರೆ ‘ಆಮೆ ಕೇರಿ’, ‘ಹೆಬ್ಬಾತು ಕೇರಿ’ ಅಂತಲೇ ಬರೆಯುತ್ತೇನೆ. ಇಲ್ಲವಾದರೆ ‘ಕೊಂತ್ರಾದ’ವನ್ನೇ ಉಳಿಸಿಕೊಂಡು, ಮೊದಲ ಸಲ ಬಂದಾಗ ಒಂದು ಸಾಲಿನಲ್ಲಿ ಬಿಡಿಸಿ ಹೇಳುತ್ತೇನೆ.