ಕ್ಯೂಬ್ (1997): ಒಂದೇ ಸೆಟ್ಟಿನ ಜಾಣತನವೋ, ನಿಜಕ್ಕೂ ಒಳ್ಳೆಯ ಸಿನಿಮಾವೋ?

ಹಿಂದಿನಸಾಲು:
ವಿನ್ಸೆಂಜೊ ನತಾಲಿ ನಿರ್ದೇಶಿಸಿದ ‘ಕ್ಯೂಬ್’: ಪರಸ್ಪರ ಗುರುತಿಲ್ಲದ ಕೆಲವರು ಘನಾಕೃತಿಯ ಕೋಣೆಗಳ ಚಕ್ರವ್ಯೂಹದಲ್ಲಿ ಸಿಕ್ಕಿಬಿದ್ದಿದ್ದಾರೆ. ಕೆಲವು ಕೋಣೆಗಳಲ್ಲಿ ಕೊಲ್ಲುವ ಬಲೆ, ಬಾಗಿಲಲ್ಲಿ ಕೊರೆದ ಮೂರಂಕಿಯ ಮೂರು ಸಂಖ್ಯೆಗಳೇ ಸುಳಿವು. ಅದರ ಬಗ್ಗೆ ಯಾರನ್ನು ಕೇಳಿದರೂ ಎರಡೇ ಮಾತು. ಒಂದೇ ಕೋಣೆ ಕಟ್ಟಿ ಇಡೀ ಸಿನಿಮಾ ಮುಗಿಸಿದರು, ಗಣಿತ ಭಾರಿ ಚೆನ್ನಾಗಿದೆ. ಇವೆರಡನ್ನು ಬಿಟ್ಟರೆ ಅದರಲ್ಲಿ ಏನು ಉಳಿಯುತ್ತದೆ? ಸೆಟ್ಟು ನಿಜಕ್ಕೂ ಒಂದೇನಾ? ಅವಿಭಾಜ್ಯ ಸಂಖ್ಯೆಯ ಲೆಕ್ಕ ಕೂಡುತ್ತದಾ? ಇದೇ ಉಪಾಯದಲ್ಲಿ ನಮ್ಮಲ್ಲಿ ಯಾರಾದರೂ ಕಿರುಚಿತ್ರಕ್ಕೆ ಕೈಹಾಕಿದರೆ ಎಲ್ಲಿ ಎಡವುತ್ತಾರೆ? ಕಥೆ ಬಯಲಾದರೂ ಪರವಾಗಿಲ್ಲ, ಬಿಚ್ಚಿ ಬರೆಯಿರಿ.

ಸೆಟ್ಟುಮೇಸ್ತ್ರಿ:
ಒಂದೂವರೆ ಅನ್ನಿ. ಉದ್ದ, ಅಗಲ, ಎತ್ತರ ಮೂರೂ 14 ಅಡಿಯ ಒಂದು ಪೂರ್ತಿ ಕೋಣೆ. ಜೊತೆಗೆ, ಬಾಗಿಲಾಚೆಯ ಕೋಣೆಯನ್ನು ಇಣುಕುವ ಶಾಟ್‌ಗಳಿಗೆಂದು ಅರೆಬರೆ ಇನ್ನೊಂದು. ಆರೂ ಮುಖದಲ್ಲಿ ಬಾಗಿಲು ಕಾಣುತ್ತದಲ್ಲ, ಅದರಲ್ಲಿ ನಟರ ಭಾರ ತಾಳುತ್ತಿದ್ದದ್ದು ಒಂದೇ ಒಂದು.

ಬಣ್ಣ ಬದಲಾಗುವುದು ಗೋಡೆಯ ಜೆಲ್ (ಬೆಳಕಿಗೆ ಬಣ್ಣ ಕೊಡುವ ಹಾಳೆ) ಪ್ಯಾನೆಲ್‌ಗಳಿಂದ. ಆರು ಬಣ್ಣದ ಯೋಜನೆಯಿತ್ತು. ದುಡ್ಡು ಸಾಲದೆ ಐದಕ್ಕೆ ನಿಂತಿತು. ಕೈಯಲ್ಲಿದ್ದದ್ದು ಸುಮಾರು ಮೂರೂವರೆ ಲಕ್ಷ ಕೆನಡಾ ಡಾಲರ್. ಕಂಪ್ಯೂಟರ್ ಗ್ರಾಫಿಕ್ಸನ್ನು ಟೊರೊಂಟೊದ ಕೋರ್ ಡಿಜಿಟಲ್ ಪಿಕ್ಚರ್ಸ್ ಪುಕ್ಕಟೆ ಮಾಡಿಕೊಟ್ಟಿತು. ಪ್ಯಾನೆಲ್ ಬದಲಿಸುವುದು ನಿಧಾನದ ಕೆಲಸವಾದ್ದರಿಂದ ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯಲೇ ಇಲ್ಲ. ಕೆಂಪು ಕೋಣೆಯ ದೃಶ್ಯಗಳೆಲ್ಲ ಒಟ್ಟಿಗೆ, ನೀಲಿಯವು ಒಟ್ಟಿಗೆ.

ನಕಲು ಮಾಡುವವರು ಎಡವುವುದೇ ಇಲ್ಲಿ. ಎಲ್ಲರಿಗೂ ಒಂದೇ ಸಮವಸ್ತ್ರ ತೊಡಿಸಿದರೆ ಬಟ್ಟೆಯ ತಲೆನೋವು ತಪ್ಪುತ್ತದೆ, ನಿಜ. ಆದರೆ ಬೆವರು, ಗಡ್ಡ, ರಕ್ತದ ಕಲೆ? ಪೊಲೀಸ್ ಪಾತ್ರ ಕ್ವೆಂಟಿನ್‌ನ ಕಾಲಿಗೆ ಗಾಯವಾದ ಮೇಲೆ ಅವನು ಕುಂಟಲೇಬೇಕು. ದೃಶ್ಯದ ಸಂಖ್ಯೆ, ಕೋಣೆಯ ಬಣ್ಣ, ಯಾರ ಗಾಯ ಯಾವ ಹಂತದಲ್ಲಿದೆ ಎಂಬ ಪಟ್ಟಿಯಿಲ್ಲದೆ ಸೆಟ್ಟಿಗೆ ಇಳಿದರೆ ಎಡಿಟಿಂಗ್‌ನಲ್ಲಿ ಅಳುವುದೊಂದೇ ಬಾಕಿ.

ಲೆಕ್ಕದಮೇಷ್ಟ್ರು:
ಲೆಕ್ಕ ಮುಕ್ಕಾಲು ಪಾಲು ಕೂಡುತ್ತದೆ. ಎಲ್ಲ ಕೋಣೆಗಳನ್ನು ಸುತ್ತುವರಿದ ಹೊರಚಿಪ್ಪಿನ ಒಂದು ಬದಿ 434 ಅಡಿ. ಗೋಡೆಯ ದಪ್ಪ ಸೇರಿಸಿ ಕೋಣೆಗೆ 15.5 ಅಡಿ ಹಿಡಿದರೆ ಸರಿಯಾಗಿ 28 ಬರುತ್ತದೆ. ಎರಡೂ ಬದಿ ಒಂದೊಂದು ಕೋಣೆಯಷ್ಟು ಜಾಗ ಬಿಟ್ಟರೆ 26. 26ರ ಘನ 17,576, ಸಿನಿಮಾದಲ್ಲಿ ಹೇಳುವ ಸಂಖ್ಯೆಯೂ ಅದೇ.

ಬಲೆ ಗುರುತಿಸುವ ನಿಯಮ ಮೊದಲು ‘ಅವಿಭಾಜ್ಯ ಸಂಖ್ಯೆ’ ಎಂದಿದ್ದು ಆಮೇಲೆ ‘ಅವಿಭಾಜ್ಯ ಸಂಖ್ಯೆಯ ಘಾತ’ ಎಂದಾಗುತ್ತದೆ. ಉದಾಹರಣೆಗೆ 529. ಇದು ಅವಿಭಾಜ್ಯವಲ್ಲ, ಆದರೆ 23×23. ಹಳೆಯ ನಿಯಮ ನಂಬಿ ಒಳಗೆ ಹೋದವನ ಕಥೆ ಮುಗಿಯಿತು. 437 ನೋಡಲು ಅವಿಭಾಜ್ಯದಂತಿದ್ದರೂ 19×23, ಹಾಗಾಗಿ ಕ್ಷೇಮ.

ನಗು ಬರುವುದು, ಇದು ಮನುಷ್ಯರಿಂದಾಗುವ ಲೆಕ್ಕವಲ್ಲ ಎಂದು ಲೀವೆನ್ ಕೈಚೆಲ್ಲಿ, ಲೆಕ್ಕವನ್ನು ಕ್ಷಣದಲ್ಲಿ ಹೇಳುವ ಕಜನ್‌ನತ್ತ ತಿರುಗುವಾಗ. ಗಣಿತ ಓದುವ ಹುಡುಗಿ ಹೀಗೆನ್ನಬಾರದು. ಮೂರಂಕಿಯ ಸಮಸಂಖ್ಯೆಗಳಲ್ಲಿ ಬಲೆ 128, 256, 512 ಮಾತ್ರ. 5ರಲ್ಲಿ ಕೊನೆಯಾಗುವವುಗಳಲ್ಲಿ 125 ಮತ್ತು 625. ಉಳಿದವನ್ನು 3, 7, 11, 13, 17, 19, 23, 29, 31ರಿಂದ ಭಾಗಿಸಿ ನೋಡಿದರೆ ಸಾಕು. ಯಾವುದೂ ಭಾಗಿಸದಿದ್ದರೆ ಅವಿಭಾಜ್ಯ. ಒಂದು ಭಾಗಿಸಿದರೆ ಅದರಿಂದಲೇ ಭಾಗಿಸುತ್ತ ಹೋಗಿ. 1ಕ್ಕೆ ಇಳಿದರೆ ಬಲೆ, ಮಧ್ಯೆ ಸಿಕ್ಕಿಕೊಂಡರೆ ದಾರಿ. ಒಂದು ಸಂಖ್ಯೆಗೆ ನಿಮಿಷವೂ ಬೇಡ.

ದೊಡ್ಡ ತೂತು ಬೇರೆಯೇ ಇದೆ. ಕೋಣೆಗಳು ಜಾಗ ಬದಲಿಸುತ್ತಿರುತ್ತವೆ: ಬಾಗಿಲ ಸಂಖ್ಯೆಯ ಅಂಕಿಗಳ ಮೊತ್ತ ಕೋಣೆಯ ನಿರ್ದೇಶಾಂಕ (ಸ್ಥಾನ), ಅಂಕಿಗಳ ವ್ಯತ್ಯಾಸ ಅದರ ಚಲನೆ. 582 ಎಂದರೆ ಸ್ಥಾನ 15. ಚಲನೆ −3, +6, −3, ಕೂಡಿದರೆ ಸೊನ್ನೆ, ಅಂದರೆ ಕೋಣೆ ಹೊರಟಲ್ಲಿಗೇ ಮರಳುತ್ತದೆ. ಇಷ್ಟು ಸೊಗಸಾಗಿದೆ. ಹೊರಗಿನ ದಾರಿಗೆ ಜೋಡಿಸುವ ಸೇತುವೆ ಕೋಣೆಗೆ ಮಾತ್ರ ಒಂದು ನಿರ್ದೇಶಾಂಕ 27. ಮೂರಂಕಿಯಲ್ಲಿ ಮೊತ್ತ 27 ಬರುವುದು 999ಕ್ಕೊಂದೇ. ಅದರ ವ್ಯತ್ಯಾಸ 0, 0, 0! ಆ ದಿಕ್ಕಿನಲ್ಲಿ ಅದು ಕದಲುವಂತೆಯೇ ಇಲ್ಲ, ಒಳಗೆ ಬಂದದ್ದಾದರೂ ಹೇಗೆ?

ತೆಂಕುದಿಕ್ಕು:
ಮೇಷ್ಟ್ರೇ, ಥಿಯೇಟರಿನಲ್ಲಿ ಕೂತವ 999 ಕಳೆಯುತ್ತಾನಾ ಮಾರಾಯ್ರೆ! ಸಿನಿಮಾ ಕುಂಟುವುದು ಪಾತ್ರಗಳಲ್ಲಿ. ಕ್ವೆಂಟಿನ್ ಮೊದಲರ್ಧದಲ್ಲಿ ಎಲ್ಲರನ್ನೂ ಹಿಡಿದು ನಡೆಸುವ ಪೊಲೀಸ್, ಎರಡನೆಯರ್ಧದಲ್ಲಿ ರಾಕ್ಷಸ. ನಡುವಿನ ಮೆಟ್ಟಿಲುಗಳೇ ಇಲ್ಲ. ಆಟಿಸಂ ಇರುವ ಕಜನ್‌ನನ್ನು ಲೆಕ್ಕದ ಯಂತ್ರ ಮಾಡಿದ್ದು ಈಗ ನೋಡಿದರೆ ಕಸಿವಿಸಿ.

ಆದರೂ ‘ಏನು ಉಳಿಯುತ್ತದೆ’ ಎಂಬ ಪ್ರಶ್ನೆಗೆ ಸಿಕ್ಕಿಬಿದ್ದವರಲ್ಲೊಬ್ಬನಾದ ವರ್ತ್‌ನ ತಪ್ಪೊಪ್ಪಿಗೆಯ ದೃಶ್ಯವೇ ಉತ್ತರ. ಹೊರಚಿಪ್ಪಿನ ನಕ್ಷೆ ಬರೆದವನು ಅವನೇ. ಯಾರಿಗಾಗಿ, ಯಾತಕ್ಕಾಗಿ ಅಂತ ಕೇಳಲೂ ಇಲ್ಲ. ಮೇಲೆ ಖಳನಾಯಕ ಯಾರೂ ಇಲ್ಲ, ತಂತಮ್ಮ ಮೇಜಿನ ಕೆಲಸ ಮುಗಿಸಿ ಮನೆಗೆ ಹೋದವರೇ ಎಲ್ಲ. ಬೆನ್ನು ಕೊರೆಯುವುದು ಅದು, ಆರಂಭದಲ್ಲಿ ಬಲೆಗೆ ಸಿಕ್ಕ ಆಲ್ಡರ್ಸನ್ ತುಂಡುತುಂಡಾಗುವುದಲ್ಲ. ಇದೇ ಸರಣಿಯ ‘ಕ್ಯೂಬ್ ಝೀರೋ’ (2004) ಬೇಹು ನೋಡುವವರನ್ನು ತೋರಿಸಿ ಆ ಭಯವನ್ನೇ ಕೊಂದಿತು. ‘ಹೈಪರ್‌ಕ್ಯೂಬ್’ (2002) ಬೆಳ್ಳಗೆ ಬೆಳಗುವ ಕೋಣೆಗಳ ಸಾಲು; ಬಾಗಿಲ ಹಿಡಿ ತಿರುಗಿಸುವಾಗಿನ ಕಬ್ಬಿಣದ ಗಡಸು ಅಲ್ಲಿಲ್ಲ.

ಹಿಂದಿನಸಾಲು:
ಮೇಸ್ತ್ರಿಗಳೇ, ಪ್ಲೈವುಡ್, ಹಾಲುಬಿಳಿ ಅಕ್ರಿಲಿಕ್, ಎಲ್‌ಇಡಿ ಪಟ್ಟಿ ಬಳಸಿ ಕಟ್ಟಿದರೆ?

ಸೆಟ್ಟುಮೇಸ್ತ್ರಿ:
ಆಗುತ್ತದೆ. ಪಟ್ಟಿಗಳ ನಡುವೆ ಎಷ್ಟು ಅಂತರವೋ ಕನಿಷ್ಠ ಅಷ್ಟೇ ದೂರ ಅವು ಅಕ್ರಿಲಿಕ್‌ನಿಂದ ಹಿಂದಿರಲಿ, ಇಲ್ಲವಾದರೆ ಗೋಡೆಯ ಮೇಲೆ ಗೆರೆಗೆರೆ ಕಾಣುತ್ತದೆ. ಒಂದು ಪ್ಯಾನೆಲ್ ಕಳಚುವಂತಿರಬೇಕು, ಕ್ಯಾಮೆರಾ ಹಿಂದೆ ಸರಿಯಲು ಬೇರೆ ಜಾಗವಿಲ್ಲ. ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆ) ಆಟೋದಲ್ಲಿಟ್ಟರೆ ಕೆಂಪು ಕೋಣೆಯ ಬಣ್ಣವನ್ನು ಕ್ಯಾಮೆರಾವೇ ತೊಳೆದುಹಾಕುತ್ತದೆ; ಒಂದು ಸಂಖ್ಯೆಗೆ ಕಟ್ಟಿಹಾಕಿ. ಕೆಂಪಿನಲ್ಲಿ ಒಂದೇ ಬಣ್ಣದ ಚಾನೆಲ್ ತುಂಬಿ ಮುಖದ ವಿವರ ಹೋಗುತ್ತದೆ, ಹಾಗಾಗಿ ಮುಖಕ್ಕೆ ತುಸು ಬಿಳಿ ಬೆಳಕು ಬೇರೆ ಕೊಡಿ.

ನಮ್ಮ ಕರೆಂಟು 50 ಹರ್ಟ್ಸ್. ಎಲ್‌ಇಡಿಗೆ ವಿದ್ಯುತ್ ಕೊಡುವ ಅಗ್ಗದ ಡ್ರೈವರ್ ಹಾಕಿ ಸೆಕೆಂಡಿಗೆ 24 ಫ್ರೇಮ್‌ನಲ್ಲಿ 1/48 ಸೆಕೆಂಡ್ ಶಟರ್ ಇಟ್ಟರೆ ಗೋಡೆ ಮಿನುಗಬಹುದು. 1/50 ಇಡಿ, ಕ್ಯಾಮೆರಾ ಡಿಗ್ರಿಯಲ್ಲಿ ಕೇಳಿದರೆ 172.8. ನೆಲದ ಪ್ಲೈವುಡ್ ಕೆಳಗೆ ಫೋಮ್ ಹಾಸಲು ಮರೆಯಬೇಡಿ, ಹೆಜ್ಜೆ ಇಟ್ಟಾಗಲೆಲ್ಲ ಡಬಡಬ ಅನ್ನುತ್ತಿದ್ದರೆ ಅದು ಉಕ್ಕಿನ ಕೋಣೆ ಎಂದು ಯಾರೂ ನಂಬುವುದಿಲ್ಲ.