ಪದಚರ್ಚೆ: ‘ಮೋಷನ್ ಸೆನ್ಸರ್’ಗೆ ನಾಳೆ ಎರಡು ಗಂಟೆಯೊಳಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ.

ಅವಸರದ ಕೆಲಸ, ಕ್ಷಮಿಸಿ. ನಮ್ಮ ಕಾಸರಗೋಡಿನ ಕಡೆ ಮನೆಗಳಿಗೆ ಕ್ಯಾಮೆರಾ, ಸೆನ್ಸರ್ ಎಲ್ಲ ಕೂರಿಸಿಕೊಡುವ ಗೆಳೆಯರೊಬ್ಬರಿಗೆ ನಾಲ್ಕು ಪುಟದ ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ಮಲಯಾಳದ್ದು ಆಗಲೇ ಅಚ್ಚಾಗಿ ಬಂದಿದೆ. ಕನ್ನಡದ್ದು ನಾಳೆ ಎರಡು ಗಂಟೆಗೆ ಪ್ರೆಸ್ಸಿಗೆ ಹೋಗಬೇಕು. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು, ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳಿಗೆ ಇದು. ಓದುವವರು ಎಪ್ಪತ್ತು ದಾಟಿದವರು, ಕನ್ನಡ ಶಾಲೆಯಲ್ಲಿ ಕಲಿತವರು.

ಸಾಧನ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಆಳು ಓಡಾಡಿದ್ದು, ಕೋಣೆಯ ಬಿಸಿ, ಗಾಳಿಯ ತೇವ, ಬೆಳಕು ಇಷ್ಟನ್ನೂ ಅದು ‘ಹಬ್’ ಎಂಬ ಇನ್ನೊಂದು ಡಬ್ಬಿಯ ಮೂಲಕ ಫೋನಿಗೆ ತಿಳಿಸುತ್ತದೆ. ಅದಕ್ಕೇ ‘ಮಲ್ಟಿಪರ್ಪಸ್’. ನಾನು ‘ಬಹುಪಯೋಗಿ ಚಲನ ಸಂವೇದಕ’ ಎಂದು ಬರೆದು ಅಪ್ಪನಿಗೆ ಓದಿ ಹೇಳಿದೆ. “ಯಾರಿಗೆ ವೇದನೆ?” ಎಂದರು. ನಮ್ಮ ಮನೆಯಲ್ಲಿ ಆಚೀಚೆಯವರ ಜೊತೆ ದಿನವಿಡೀ ಮಲಯಾಳ. ಅದರಲ್ಲಿ ವೇದನೆ ಎಂದರೆ ಸೊಂಟನೋವು, ಹಲ್ಲುನೋವು ಅಷ್ಟೇ.

ಇದರ ಜೊತೆ ‘ಪೇರ್ ಮಾಡುವುದು’ (ಸೆನ್ಸರಿಗೂ ಹಬ್ಬಿಗೂ ಸಂಪರ್ಕ ಕೊಡಿಸುವುದು) ಮತ್ತು ‘ಫಾಲ್ಸ್ ಅಲಾರ್ಮ್’ (ಯಾರೂ ಬಾರದೆ ಕೂಗುವುದು) ಎರಡಕ್ಕೂ ಪದ ಬೇಕು. ಸೆನ್ಸರಿನ ಕೆಳಗೆ ಅಂಟಿಸುವ ಸಣ್ಣ ಚೀಟಿಯೂ ಇದೆ, ಹಾಗಾಗಿ ಉದ್ದದ ಪದ ಹಿಡಿಸುವುದಿಲ್ಲ.

ಬದಿಯಡ್ಕದಿಂದ

.

‘ಬಹುಪಯೋಗಿ’ ಎಂಬ ಪದ ಇಲ್ಲ. ಬಹು, ಉಪಯೋಗಿ. ಸವರ್ಣದೀರ್ಘ. ಬಹೂಪಯೋಗಿ. ಇಲ್ಲಿ ಇದನ್ನು ಮೂರನೇ ಸಲ ಬರೆಯುತ್ತಿದ್ದೇನೆ.

ಸಂವೇದಕ ಸರಿಯಿದೆ, ಬದಲಿಸಬೇಡಿ. ವಿದ್ ಧಾತು, ತಿಳಿ ಎಂದರ್ಥ. ವೇದ, ವಿದ್ಯೆ, ವೇದನೆ ಎಲ್ಲ ಅದರಿಂದಲೇ ಬಂದದ್ದು. ತಿಳಿದದ್ದೇ ನೋವಾಯಿತು, ಅಷ್ಟೇ. ನಿಮ್ಮ ತಂದೆಯವರಿಗೆ ಹೇಳಿ.

ಕುಂಬಳೆ

.

ಮತ್ತೆ ಸಂಸ್ಕ್ರುತದ ಜೋಳಿಗೆಗೇ ಕೈ. ಓದುವವರಿಗೆ ತಿಳಿಯಲಿಲ್ಲ ಎಂದು ಅವರೇ ಬರೆದಿದ್ದಾರೆ, ನೀವು ದಾತು ಹೇಳುತ್ತಿದ್ದೀರಿ.

ಕನ್ನಡದ್ದೇ ಪದ ಇದೆ: ಅರಿವುಕ. ಅಲುಗಿದ್ದನ್ನು ಅರಿಯುವುದು ಅಲುಗರಿವುಕ. ಹಲವು ಕೆಲಸದ್ದು ಹಲಬಳಕೆಯ ಅಲುಗರಿವುಕ. ಮೊದಲು ಹೊಸದು ಅನ್ನಿಸುತ್ತದೆ, ಬಳಸಿದರೆ ಬಳಕೆಗೆ ಬರುತ್ತದೆ.

ಬೆಂಗಳೂರು

.

‘ಸಂಸ್ಕ್ರುತ’ದ ಋಕಾರ ಎಲ್ಲಿ ಹೋಯಿತು ಎಂದು ಕೇಳುವುದಿಲ್ಲ, ಆ ಜಗಳ ಹಳೆಯದು.

ಆದರೆ ‘ಅರಿವುಕ’ ಕನ್ನಡದ ಸೊಲ್ಲಲ್ಲ. ಕುಡಿ, ಕುಡುಕ. ತಿರಿ, ತಿರುಕ. ‘ಕ’ ಹತ್ತುವುದು ಧಾತುವಿಗೆ. ಕುಡಿತದಿಂದ ‘ಕುಡಿತಕ’ ಆಗಲಿಲ್ಲ. ಅರಿವಿಗೆ ಹೇಗೆ ‘ಕ’ ಹಚ್ಚಿದಿರಿ?

ಇನ್ನೊಂದು ಮಾತು. ಹಳಗನ್ನಡದಲ್ಲಿ ತಿಳಿ ಎನ್ನುವುದಕ್ಕೆ ಅಱಿ, ಕತ್ತರಿಸು ಎನ್ನುವುದಕ್ಕೆ ಅರಿ. ನಾವು ಶಕಟರೇಫ, ಅಂದರೆ ಆ ಱಕಾರ, ಕಳೆದುಕೊಂಡು ಎರಡನ್ನೂ ಒಂದು ಮಾಡಿದೆವು. ಮಲಯಾಳದವರು ಕಳೆದುಕೊಳ್ಳಲಿಲ್ಲ. ಇಲ್ಲಿನ ಕಿವಿಗೆ ಮೆಲ್ಲಗಿನ ರಕಾರದ ‘ಅರಿ’ ಬಿದ್ದರೆ ಕಾಣಿಸುವುದು ತರಕಾರಿ ಹೆಚ್ಚುವ ಕತ್ತಿ. ಇಲ್ಲವಾದರೆ ಅಕ್ಕಿ, ತುಳುವಿನಲ್ಲೂ ಅದೇ. ಗೋಡೆಯ ಮೇಲಿನ ಡಬ್ಬಿಗೆ ‘ಅರಿವುಕ’ ಎಂದು ಬರೆದರೆ ನಮ್ಮವರು ಅಕ್ಕಿ ಅಳೆಯುವ ಸೇರು ಎಂದುಕೊಂಡಾರು.

ಕುಂಬಳೆ

.

ಮಾಷ್ಟ್ರೇ, ಇಲ್ಲಿಗೆ ಎಂಟು ಪತ್ರ ಬರುವ ಹೊತ್ತಿಗೆ ಅವರ ಎರಡು ಗಂಟೆ ಆಗಿರುತ್ತದೆ.

ನಾನು ವಯರಿಂಗ್ ಕೆಲಸ ಮಾಡಿದವ. ಸೆನ್ಸರ್ ಎಂದೇ ಬರೆಯಿರಿ. ಯಾಕೆ ಅಂದರೆ, ಬ್ಯಾಟರಿ ಮುಗಿದ ದಿನ ಆ ಹಿರಿಯರು ಫೋನ್ ಮಾಡುವುದು ಉಪ್ಪಳದ ಹುಡುಗನಿಗೆ. ಅವನ ಮನೆಮಾತು ಬ್ಯಾರಿ, ಶಾಲೆ ಮಲಯಾಳ. ಫೋನಿನಲ್ಲಿ ಆ ಒಂದು ಪದ ದಾಟಿ ಹೋಗಬೇಕು. ಸೆನ್ಸರ್ ದಾಟುತ್ತದೆ, ಅಲುಗರಿವುಕ ದಾಟುವುದಿಲ್ಲ.

ನಮ್ಮ ಮನೆಯ ಕಿಟಕಿಗೆ ಜನೆಲು ಅನ್ನುತ್ತೇವೆ. ಅಲಮಾರು, ಅದರ ಚಾವಿ. ಮೂರೂ ಪೋರ್ಚುಗೀಸಿನವು. ಯಾರ ಗಂಟು ಹೋಯಿತು?

ಹಾಗೇ ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿ: ಹಬ್ಬನ್ನು ವೈಫೈ ಪೆಟ್ಟಿಗೆಗೆ ಒತ್ತಿ ಇಡಬೇಡಿ. ಜಿಗ್‌ಬೀ ಎಂಬ ರೇಡಿಯೊ ಸಂಪರ್ಕ ಬಳಸುವ ಈ ಥರದ ಸೆನ್ಸರು ಮತ್ತು ಸಾಮಾನ್ಯ ವೈಫೈ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಮಾತಾಡುವುದು. ಒಂದರ ಗಲಾಟೆಯಲ್ಲಿ ಇನ್ನೊಂದರ ಮಾತು ಕೇಳಿಸುವುದಿಲ್ಲ. ನನಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ.

ಮಂಜೇಶ್ವರ

.

ಸೆನ್ಸರ್ ಸರಿ ಅನ್ನೋಣ. ಬರೆಯುವುದು ಹೇಗೆ? ಪೇಪರಿನಲ್ಲಿ ದಿನಾ ನೋಡುತ್ತೇವೆ, ಇದಕ್ಕೂ ‘ಸೆನ್ಸಾರ್’, ಸಿನೆಮಾ ಕತ್ತರಿಸುವ ಮಂಡಳಿಗೂ ‘ಸೆನ್ಸಾರ್’. ಎರವಲು ತಂದರೆ ಗೊಂದಲ ಇಲ್ಲ ಎನ್ನುವವರಿಗೆ ಈ ಪ್ರಶ್ನೆ.

ಮತ್ತೆ, ‘ಚಲನೆ’ ತಪ್ಪು. ‘ಅಲುಗು’ ಕೂಡ ಅಷ್ಟೇ ಎಂದು ಈಗ ಒಪ್ಪುತ್ತೇನೆ. ಆ ಡಬ್ಬಿ ಚಲನೆಯನ್ನು ನೋಡುವುದೇ ಇಲ್ಲ, ಬಿಸಿಯ ಏರಿಳಿತವನ್ನು ನೋಡುತ್ತದೆ. ಮಯ್ಯಿಂದ ಹೊರಡುವ, ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕು ಅದಕ್ಕೆ ಬೇಕು. ಒಳಗೆ ಎರಡು ಪಟ್ಟಿಗಳಿವೆ. ಎರಡಕ್ಕೂ ಒಂದೇ ಬಿಸಿ ಬಿದ್ದರೆ ಸುಮ್ಮನಿರುತ್ತದೆ. ಒಂದಕ್ಕೆ ಮೊದಲು, ಇನ್ನೊಂದಕ್ಕೆ ಆಮೇಲೆ ಬಿದ್ದರೆ ಕೂಗುತ್ತದೆ. ಮುಂದಿನ ಬಿಳಿ ಪ್ಲಾಸ್ಟಿಕ್ಕಿನ ಗೆರೆಗಳು ಲೆನ್ಸು. ‘ಬಿಸಿಯರಿವುಕ’ ಎನ್ನಿ.

ಬೆಂಗಳೂರು

.

ಬಿಸಿಯರಿವುಕ ಎಂದರೆ ಜ್ವರ ನೋಡುವ ಕಡ್ಡಿ. ಮುಂದಿನದು?

ಮಂಜೇಶ್ವರ

.

ನಿನ್ನೆಯಿಂದ ಓದುತ್ತಾ ಇದ್ದೇನೆ. ಎಲ್ಲರೂ ಧಾತುವಿನ ಹಿಂದೆ ಓಡುತ್ತಿದ್ದಾರೆ, ಬಾಯಲ್ಲಿ ಇರುವ ಪದ ಯಾರಿಗೂ ಕಾಣುವುದಿಲ್ಲ.

ಸುಳಿವು.

“ಆ ಕಡೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ” ಎನ್ನುತ್ತೇವೆ. ಅಲ್ಲಿ ಸುಳಿ ಎಂದರೆ ಓಡಾಡು. “ಕಳ್ಳನ ಸುಳಿವು ಸಿಕ್ಕಿತು” ಎನ್ನುತ್ತೇವೆ. ಅಲ್ಲಿ ಸುಳಿವು ಎಂದರೆ ಪತ್ತೆ. ಓಡಾಟ, ಓಡಾಟದ ಪತ್ತೆ, ಎರಡೂ ಒಂದೇ ಪದದಲ್ಲಿ. ಈ ಡಬ್ಬಿ ಮಾಡುವುದೂ ಅದನ್ನೇ ಅಲ್ವಾ? ಹಳಗನ್ನಡದಲ್ಲಿ ಇದು ಸುೞಿ. ಆ ೞಕಾರವೂ ಮಲಯಾಳದಲ್ಲಿ ಉಳಿದಿದೆ, ನೀರಿನ ಸುಳಿಗೆ ಅವರು ಚುೞಿ ಎನ್ನುತ್ತಾರೆ. ಗಡಿಯ ಎರಡೂ ಕಡೆಯ ಕಿವಿಗೆ ಒಗ್ಗುವ ಪದ. ‘ಸುಳಿವುಗಾರ’ ಎಂದು ಬರೆಯಿರಿ.

ಫಾಲ್ಸ್ ಅಲಾರ್ಮಿಗೆ ತಾನಾಗಿ ‘ಸುಳ್ಳು ಸುಳಿವು’ ಸಿಕ್ಕಿತು ನೋಡಿ. ದುಡ್ಡು ಕೊಡಬೇಕಾಗಿಲ್ಲ.

ನೀರ್ಚಾಲು

.

ಸುಳಿವುಗಾರ ಎಂದರೆ ಪೊಲೀಸರಿಗೆ ಚಾಡಿ ಹೇಳುವವ. ಮನೆಯ ಗೋಡೆಗೆ ಅವನನ್ನು ಅಂಟಿಸಬೇಡಿ. ಚುಟುಕಾಗಿ ‘ಸುಳಿಗಣ್ಣು’ ಎನ್ನೋಣ ಎಂದರೆ ಅದೂ ಆಗದು. ಇದು ತೆಂಗಿನ ನಾಡು. ಸಂಶೋಧನಾ ಕೇಂದ್ರವೇ 1916ರಿಂದ ಇಲ್ಲಿದೆ. ಕೃಷಿಕರಿಗೆ ಸುಳಿ ಎಂದರೆ ಮರದ ತುದಿಯ ಎಳೆ ಗರಿ, ಅದರ ಹಿಂದೆಯೇ ಬರುವುದು ಸುಳಿಕೊಳೆ. ಚೀಟಿ ನೋಡಿ ಮದ್ದು ಬಿಡಲು ಹೊರಟಾರು.

ಕುಂಬಳೆ

.

ಬದಿಯಡ್ಕದಿಂದ ಮತ್ತೆ ನಾನು. ಬೆಳಗ್ಗೆ ಹತ್ತೂವರೆ.

‘ಸುಳಿವು’ ಮನಸ್ಸಿಗೆ ಹಿಡಿಸಿತು. ಯಾಕೆ ಅಂತ ಹೇಳಬೇಕಾದರೆ ನಮ್ಮ ಮನೆಯ ಕಥೆ ಹೇಳಬೇಕು. ಈ ಸೆನ್ಸರನ್ನು ಮೊದಲು ನಮ್ಮ ಚಾವಡಿಯಲ್ಲೇ ಕೂರಿಸಿ ನೋಡಿದ್ದು. ಅಂಗಳಕ್ಕೆ ಮುಖ, ಪಡುವಣ ದಿಕ್ಕು. ದಿನಾ ಮೂರೂವರೆಗೆ ಸರಿಯಾಗಿ ಬೆಂಗಳೂರಿನಲ್ಲಿರುವ ತಮ್ಮನ ಫೋನಿಗೆ “ಯಾರೋ ಬಂದರು” ಎಂದು ಹೋಗುತ್ತಿತ್ತು. ಅವನು ಗಾಬರಿಯಿಂದ ಅಮ್ಮನಿಗೆ ಫೋನ್ ಮಾಡುವುದು, ಅಮ್ಮ ನಿದ್ದೆಯಿಂದ ಎದ್ದು ಬೈಯುವುದು. ಐದನೇ ದಿನ ನಾನೇ ಕಾದು ಕುಳಿತೆ. ಬಂದದ್ದು ಯಾರೂ ಅಲ್ಲ, ಅಪ್ಪನ ಪಂಚೆ. ಬಿಸಿಲಿಗೆ ಕಾದು, ಗಾಳಿಗೆ ಹಾರುತ್ತಿತ್ತು. ಚೀಟಿಯ ಐಡಿಯಾ ಹುಟ್ಟಿದ್ದು ಅಲ್ಲಿಂದ.

ಪಂಚೆಯ ಜಾಗ ಬದಲಾಯಿಸಿದ ಮೇಲೆ ರಾತ್ರಿ ಎರಡು ಗಂಟೆಗೆ ಶುರು. ಆವಾಗ ಹಲ್ಲಿ. ದೀಪದ ಹುಳ ಹಿಡಿಯಲು ಬಂದು ಲೆನ್ಸಿನ ಮೇಲೆಯೇ ನಡೆದು ಹೋಗುತ್ತಿತ್ತು. ದೀಪವನ್ನು ಅತ್ತ ಸರಿಸಿದೆವು, ಹಲ್ಲಿಯೂ ಹೋಯಿತು.

ಇನ್ನೊಂದು ತಮಾಷೆ. ಏಪ್ರಿಲ್ ಮಧ್ಯಾಹ್ನ ಅಪ್ಪ ಗೇಟಿನಿಂದ ನೇರ ಅದರ ಎದುರೇ ನಡೆದು ಬಂದರೂ ಅದು ಮಿಸುಕಲಿಲ್ಲ. ಬೆಂಗಳೂರಿನವರು ಬರೆದದ್ದು ಇದನ್ನೇ. ನೇರ ಬಂದರೆ ಬಿಸಿ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟುವುದು ಕಡಿಮೆ, ಅಡ್ಡ ಹೋದರೆ ಚೆನ್ನಾಗಿ ಗೊತ್ತಾಗುತ್ತದೆ. ಮೇಲಾಗಿ ಆ ಸೆಕೆಯಲ್ಲಿ ಗೋಡೆಯೂ ಮೈಯೂ ಹೆಚ್ಚುಕಡಿಮೆ ಒಂದೇ ಬಿಸಿ, ಅದಕ್ಕೆ ವ್ಯತ್ಯಾಸ ಸಿಗುವುದಿಲ್ಲ. ಪಕ್ಕದ ಗೋಡೆಗೆ ಎರಡು ಮೀಟರ್ ಎತ್ತರದಲ್ಲಿ ಹಾಕಿದೆವು. ಈಗ ಸರಿ. ಹಾಗಾಗಿ ಅದು ಆಳನ್ನು ‘ಅರಿಯುವುದೂ’ ಇಲ್ಲ, ಅದಕ್ಕೆ ‘ಸಂವೇದನೆ’ಯೂ ಇಲ್ಲ. ಸುಳಿವು ಕೊಡುತ್ತದೆ. ಕೆಲವು ಸಲ ಸುಳ್ಳು ಸುಳಿವು.

ಪೇರ್ ಮಾಡುವುದಕ್ಕೆ ಯಾರೂ ಹೇಳಲಿಲ್ಲ. ‘ಜೋಡಿಸಿ’ ಎಂದು ಬರೆದಿದ್ದೆ. ಅಪ್ಪ ಎರಡು ಡಬ್ಬಿಗಳನ್ನೂ ಕೈಯಲ್ಲಿ ಹಿಡಿದು ಎಲ್ಲಿ ಸಿಕ್ಕಿಸುವುದು ಎಂದು ತಿರುಗಿಸಿ ನೋಡಿದರು. ಏನಾದರೂ ಹೇಳಿ, ಮೂರೂವರೆ ಗಂಟೆ ಉಳಿದಿದೆ.

ಬದಿಯಡ್ಕದಿಂದ

.

ಗುರ್ತ ಮಾಡಿಸುವುದು.

“ನನಗೆ ಅವರ ಗುರ್ತ ಉಂಟು” ಎನ್ನುವುದಿಲ್ವಾ, ಅದೇ. ಪಿನ್ನಿನಿಂದ ಗುಂಡಿ ಒತ್ತಿ ಹಿಡಿಯಿರಿ, ದೀಪ ಮಿನುಗುತ್ತದೆ, ಹಬ್ಬಿಗೆ ಸೆನ್ಸರಿನ ಗುರ್ತ ಆಗುತ್ತದೆ. ಗುರ್ತ ಮಾಡಿಸುವಾಗ ಎರಡೂ ಒಂದೇ ಕೋಣೆಯಲ್ಲಿ ಇರಲಿ ಎಂದೂ ಬರೆಯಿರಿ. ಆಮೇಲೆ ಜಾಗಕ್ಕೆ ಒಯ್ದರೆ ಸಾಕು. ಮುರಕಲ್ಲಿನ ದಪ್ಪ ಗೋಡೆ ಎರಡು ದಾಟಿ ಕೊಟ್ಟಿಗೆಯಲ್ಲಿ ಗುರ್ತ ಮಾಡಿಸಲು ಹೋದವರ ಫೋನುಗಳೇ ನನಗೆ ಬರುವುದು.

ಮಂಜೇಶ್ವರ

.

‘ಗುರ್ತ’ ಆಡುಮಾತು. ಅಚ್ಚಿನಲ್ಲಿ ‘ಗುರುತು’ ಎಂದಿರಬೇಕು.

ಕುಂಬಳೆ

.

ಗುರುತು ಎಂದರೆ ಗೆರೆ, ಕಲೆ, ಚಿಹ್ನೆ. ಗುರ್ತ ಬೇರೆ, ಪರಿಚಯ. ಅಚ್ಚಿನಲ್ಲಿ ಹಾಕದೆ ಇಟ್ಟದ್ದಕ್ಕೇ ನಮ್ಮ ಅರ್ಧ ಪದಗಳು ಹೋದದ್ದು.

ನೀರ್ಚಾಲು

.

ಒಪ್ಪಿದೆ. ಆದರೆ ಬೇಸರ ಇದೆ. ಗಡಿಯಲ್ಲಿ ಇರುವವರೇ ಹೀಗೆ ಸೆನ್ಸರ್, ಹಬ್ಬು, ಬ್ಯಾಟರಿ ಎಂದು ಬಿಟ್ಟುಕೊಟ್ಟರೆ ಒಳನಾಡಿನವರು ಯಾರಿಗಾಗಿ ಪದ ಕಟ್ಟಬೇಕು? ಕಾಸರಗೋಡಿನವರಿಗೆ ಕನ್ನಡದ ಕಾಳಜಿ ಹೆಚ್ಚು ಎಂದುಕೊಂಡಿದ್ದೆ.

ಬೆಂಗಳೂರು

.

ಇದಕ್ಕೆ ಉತ್ತರ ಕೊಡಬಾರದು ಎಂದುಕೊಂಡಿದ್ದೆ, ಆಗಲಿಲ್ಲ.

1956 ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದರು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಎಂದು ಕಾನೂನು ಬಂದಾಗ ಬಿಸಿಲಲ್ಲಿ ನಿಂತವರು ನಾವು. ಅದು ‘ಬ್ಯಾಟರಿ’ ಪದದ ವಿರುದ್ಧ ಅಲ್ಲ. ಮಗು ಕನ್ನಡದಲ್ಲಿ ಕಲಿಯಬೇಕು, ಅಜ್ಜನಿಗೆ ಬರುವ ಕಾಗದ ಕನ್ನಡದಲ್ಲಿ ಇರಬೇಕು, ಅಷ್ಟಕ್ಕೆ. ಈ ಕೈಪಿಡಿ ಕನ್ನಡದಲ್ಲಿ ಬರುತ್ತಿದೆ ಎನ್ನುವುದೇ ಇಲ್ಲಿ ದೊಡ್ಡ ಸಂಗತಿ. ಅದರಲ್ಲಿ ಎರಡು ಇಂಗ್ಲಿಷ್ ಪದ ಇದ್ದರೆ ನಿಮ್ಮ ನಿದ್ದೆ ಕೆಡುವುದಾದರೆ, ಇಲ್ಲಿ ಇದ್ದವರಿಗೆ ನಿದ್ದೆ ಕೆಡುವ ವಿಷಯ ಬೇರೆ ಉಂಟು.

ನೀರ್ಚಾಲು

.

ಸರಿ. ಕೈಪಿಡಿ ಬಂದ ಮೇಲೆ ಒಂದು ಪ್ರತಿ ಕಳಿಸಿ.

ಬೆಂಗಳೂರು

.

ಎರಡಕ್ಕೆ ಹತ್ತು ನಿಮಿಷ ಇದ್ದಾಗ ಕಳಿಸಿದೆ. ಹೋದದ್ದು ಇಷ್ಟು:

ಮೊದಲ ಪುಟದಲ್ಲಿ ‘ಓಡಾಟದ ಸುಳಿವು ಕೊಡುವ ಸೆನ್ಸರ್’, ಒಳಗೆಲ್ಲ ‘ಸುಳಿವು ಸೆನ್ಸರ್’. ಸಿನೆಮಾದ್ದು ಎಂದು ಯಾರಿಗೂ ಅನ್ನಿಸದ ಹಾಗೆ ದೀರ್ಘ ಬಿಟ್ಟಿದ್ದೇನೆ. ‘ಬಹೂಪಯೋಗಿ’ ತೆಗೆದೆ, ‘ವಿವಿಧೋದ್ದೇಶ’ವೂ ಸೊಸೈಟಿಯ ಬೋರ್ಡಿನ ಹಾಗೆ ಕಂಡಿತು. ‘ಒಂದೇ ಡಬ್ಬಿ, ನಾಲ್ಕು ಕೆಲಸ’ ಎಂದು ಹಾಕಿದೆ. ಪೇರ್ ಮಾಡುವುದಕ್ಕೆ ‘ಗುರ್ತ ಮಾಡಿಸಿ’. ಮಾಷ್ಟ್ರು ಕ್ಷಮಿಸಬೇಕು. ಚೀಟಿಯಲ್ಲಿ ‘ಇದರ ಎದುರು ಬಟ್ಟೆ ಒಣಗಿಸಬೇಡಿ, ಸುಳ್ಳು ಸುಳಿವು ಹೋಗುತ್ತದೆ’.

ಅಪ್ಪನಿಗೆ ಓದಿ ಹೇಳಿದೆ. ಒಂದೇ ಸಲಕ್ಕೆ ತಿಳಿಯಿತು. ಪಂಚೆಯ ಮಾತು ಎಲ್ಲರಿಗೂ ಗೊತ್ತಾಗುವ ಹಾಗೆ ಬರೆಯಬೇಕಿತ್ತಾ ಎಂದರು.

ಬದಿಯಡ್ಕದಿಂದ

.

‘ಸುಳಿವು ಸೆನ್ಸರ್’ ಅರಿಸಮಾಸ.

ಕುಂಬಳೆ

.

ಅರಿಸಮಾಸ ಸಂಸ್ಕೃತಕ್ಕೂ ಕನ್ನಡಕ್ಕೂ ಮಾತ್ರ, ಮಾಷ್ಟ್ರೇ. ಕೇಶಿರಾಜನ ಕಾಲಕ್ಕೆ ಇಂಗ್ಲಿಷ್ ಇಲ್ಲಿಗೆ ಬಂದಿರಲಿಲ್ಲ. ಅದೂ ಅಲ್ಲದೆ ಮತ್ತೆ ‘ಅರಿ’ ತಂದದ್ದು ನೀವೇ. ಈ ಸಲ ಅಕ್ಕಿಯೋ ಕತ್ತಿಯೋ?

ಮಂಜೇಶ್ವರ

.

ಶತ್ರು.

ಕುಂಬಳೆ