ಪುಟ್ಟಿಗೆ, ದೊಡ್ಡಮ್ಮ ಹೇಳೋದು

ಪುಟ್ಟಿ, ಮೆಸೇಜು ಈಗ ನೋಡ್ದೆ, ಕನ್ನಡಕ ಸಿಕ್ಕಿರ್ಲಿಲ್ಲ. ಎಂಟು ತಿಂಗಳ ಪಾಪು ನೀನು ಡ್ಯೂಟಿಗೆ ಹೊರಟ್ರೆ ಕಿರುಚಿ ಕೆಂಪಾಗ್ತದೆ, ಟಿವಿ ಹಾಕಿ ಕೂರ್ಸಿ ಮೆಲ್ಲಗೆ ಜಾರ್ಕೊಳ್ಲಾ ದೊಡ್ಡಮ್ಮ ಅಂತ ಕೇಳಿದೀಯ. ಬೇಡ ಕಣೆ. ಕಣ್ತಪ್ಪಿಸಿ ಹೋಗ್ಬೇಡ.

ನಮ್ಮ ದೊಡ್ಡೋನಿಗೂ ಹೆಚ್ಚುಕಮ್ಮಿ ಅದೇ ವಯಸ್ಸು. ನಾನು ಬೆಳಿಗ್ಗೆ ಮೂಡಿಗೆರೆ ಬಸ್ಸು ಹಿಡೀಬೇಕು. ಕಾಫಿ ಕುಯ್ಲಿನ ಟೈಮು. ನಮ್ಮತ್ತೆ ಮಗೂನ ಸೊಂಟದ ಮೇಲೆ ಕೂರಿಸ್ಕೊಂಡು ಕಣಕ್ಕೆ ಹೋಗಿ, 'ನೋಡು ನೋಡು, ಹಣ್ಣು ಹರಡ್ತಾವ್ರೆ' ಅನ್ನೋರು. ನಾನು ಹಿತ್ಲು ಬಾಗ್ಲಿಂದ ಹೊರಡ್ಬೇಕು. ಅಳುವೇ ಇಲ್ಲ, ನಿಜ. ಆದ್ರೆ ಸ್ವಲ್ಪ ದಿನಕ್ಕೆ ಅವನು ಕಣದ ಕಡೆ ಕಾಲಿಟ್ರೇ ಕಿರುಚಕ್ಕೆ ಶುರು! ನಾನು ಬಚ್ಚಲಿಗೆ ಹೋದ್ರೂ ತೆವಳ್ಕೊಂಡು ಬಂದು ಬಾಗ್ಲು ಬಡಿಯೋನು. ರಾತ್ರಿ ನನ್ನ ಸೆರಗಿನ ತುದಿ ಮುಷ್ಟೀಲಿ ಹಿಡ್ಕೊಂಡೇ ನಿದ್ದೆ, ಬಿಡ್ಸಕ್ಕೆ ಹೋದ್ರೆ ಎದ್ದು ಕೂರೋನು.

ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಅತ್ರೂ ಅಳ್ಲಿ, ಕಣ್ತಪ್ಪಿಸಿ ಹೋಗ್ಬೇಡ. ಈ ವಯಸ್ಸಿಗೆ ನಮ್ಮೋರು ಯಾರು, ಹೊಸಬ್ರು ಯಾರು ಅಂತ ತಿಳಿಯಕ್ಕೆ ಶುರುವಾಗಿರ್ತದೆ. ಹೋದೋರು ವಾಪಸ್ ಬರ್ತಾರೆ ಅನ್ನೋದು ಮಾತ್ರ ಇನ್ನೂ ತಿಳಿದಿರಲ್ಲ. ಟೀಚರ್ ಟ್ರೈನಿಂಗು ಟಿಸಿಎಚ್‌ನಲ್ಲಿ ಓದಿದ್ವಿ, ಬೋಲ್ಬಿ ಅಂತ ಇಂಗ್ಲೆಂಡಿನ ಡಾಕ್ಟ್ರು, 1951ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರ್ದಿದ್ರು: ಮೈಗೆ ವಿಟಮಿನ್ನು ಎಷ್ಟು ಮುಖ್ಯವೋ ಮಗು ಮನಸ್ಸಿಗೆ ತಾಯಿ ಪ್ರೀತಿ ಅಷ್ಟೇ ಮುಖ್ಯ ಅಂತ.

ನಮಗೆಲ್ಲಿ ಪುರುಸೊತ್ತು ಕೊಟ್ರು ಪ್ರೀತಿ ಮಾಡಕ್ಕೆ? 2017ರಲ್ಲಿ ಕಾಯ್ದೆ ಬದಲಾಗಿ ನಿಂಗೆ 26 ವಾರ ಹೆರಿಗೆ ರಜ ಸಿಕ್ತು. ನಮ್ ಕಾಲಕ್ಕೆ ಕಾಯ್ದೇಲಿ ಇದ್ದದ್ದೇ 12. ಅದ್ರಲ್ಲೂ ನಮ್ ಸ್ಕೂಲಿನೋರು ಪೇಪರ್ ತಿದ್ದಕ್ಕೆ ಬನ್ನಿ ಅಂತ ಜನ ಕಳ್ಸಿದ್ರು, ನಾನು ಕಿವಿಗೆ ಹತ್ತಿ ಇಟ್ಕೊಂಡು ಕೂತಿರೋ ಬಾಣಂತಿ! ನಿಮ್ ದೊಡ್ಡಪ್ಪ ಒಂದ್ ಮಾತಾಡ್ಲಿಲ್ಲ. ಈಗ ಮೊಮ್ಮಗನ ಮುಂದೆ, 'ನಿಮ್ಮಪ್ಪನ್ನ ಸಾಕಿದ್ದು ನಾನು' ಅಂತಾರೆ. ಒಂದು ದಿನ ಮಗು ಬಟ್ಟೆ ಒಗ್ದಿದ್ರೆ ಹೇಳ್ಲಿ ನೋಡಣ.

ಅಯ್ಯೋ, ಹೇಳ್ಬೇಕಾದ್ದೇ ಮರ್ತೆ. ಹೊರಡಕ್ಕೆ ಮುಂಚೆ ಹೊಟ್ಟೆ ತುಂಬಿರ್ಲಿ, ನಿದ್ದೆ ಆಗಿರ್ಲಿ. ನಿಮ್ಮಮ್ಮನ ತೊಡೆ ಮೇಲೆ ಕೂರ್ಸಿ, ಮುಖ ನೋಡಿ, 'ಅಮ್ಮ ಟಾಟಾ, ಸಂಜೆ ಬರ್ತೀನಿ' ಅನ್ನು. ದಿನಾ ಅದೇ ಮಾತು. ಅಂದ್ಮೇಲೆ ಹೊರಟ್ಬಿಡು, ಗೇಟಿಂದ ವಾಪಸ್ ಬಂದು ಇನ್ನೊಂದ್ಸಲ ಎತ್ಕೋಬೇಡ. ರಜದ ದಿನ ಸೆರಗು ಮರೆ ಮಾಡ್ಕೊಂಡು, 'ಅಮ್ಮ ಎಲ್ಲಿ? ಇಲ್ಲಿ!' ಅಂತ ಆಡ್ಸು. ಸಂಜೆ ಬಂದ ತಕ್ಷಣ ಫೋನ್ ಆಚೆ ಇಟ್ಟು ಎತ್ಕೋ. ಅಜ್ಜಿನ ಹಚ್ಕೊಂಡ್ರೆ ಹೊಟ್ಟೆ ಉರ್ಕೋಬೇಡ, ಅದ್ರಿಂದ ನಿನ್ನ ಪಾಲೇನೂ ಕಮ್ಮಿಯಾಗಲ್ಲ. ಒಂದೂವರೆ ವರ್ಷದ ತನಕ ಈ ಅಳು ಇರ್ಬೋದು, ಆಮೇಲೆ ಇಳೀತದೆ. ಇದನ್ನ ನಿಮ್ಮಮ್ಮಂಗೂ ಕೇಳ್ಸು, ಟಿವಿ ಐಡಿಯಾ ಅವಳದ್ದೇ ಅಂತ ನಂಗೊತ್ತು.